ಕುಬಸದ ಕಾರ್ಡು

ಶಿವರಂಜನಿ: ಡೂಪ್ಲಿಕೇಟ್ ಕಾರ್ಡ್ ಕೊಟ್ಟೀನಿ ಅಂತ ಒಂದ್ ಮಾತ್ ಒಪ್ಕೊಂಡ್ ಬಿಡ್ರಿ ಅಣ್ಣಾರ. ನಾ ಏನೂ ಅನ್ನಂಗಿಲ್ಲ.

ಮುಜೀಬ್: ಬಂದಾಗಿಂದ ಅನ್ನೋದೆಲ್ಲ ಅಂದು ಮುಗಿಸಿ, ಈಗ ಏನೂ ಅನ್ನೋದಿಲ್ಲ ಅಂದ್ರೆ ಹೇಗೆ ಅಕ್ಕಾ? ಅನ್ನೋಕೆ ಇನ್ನೆಂತ ಉಳ್ದಿದೆ?

ಗಿರೀಶ: ರಂಜಿ, ಸಾವಕಾಶ ಮಾತಾಡು. ಅಂಗಡ್ಯಾಗ ಮಂದಿ ಅದಾರ.

ಶಿವರಂಜನಿ: ಇರಲಿ ಬಿಡ್ರಿ. ಕೋಟ್ ಹಾಕ್ಕೊಂಡ್ ಕುಂತಾರ, ವಕೀಲ್ರಿರಬೇಕು. ಅವರೂ ಕೇಳಲಿ.

ನಾನು ವಕೀಲನಲ್ಲ. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಹೆಗ್ಗರಣೆಯಿಂದ ಶಿರಸಿಗೆ ಬಂದವನು. ಕೋಟೂ ನನ್ನದಲ್ಲ, ಮುಜೀಬನ ಸ್ಟುಡಿಯೋದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಗಂಡಸರೆಲ್ಲ ಸರದಿಯ ಮೇಲೆ ತೊಟ್ಟು ಬಿಚ್ಚಿದ ಕೋಟು ಅದು. ತೊಟ್ಟವರೆಲ್ಲರ ಬೆವರನ್ನೂ ಒಂದಿಷ್ಟು ಉಳಿಸಿಕೊಂಡಿದೆ. ಅದನ್ನು ನನಗೆ ಏರಿಸಿ, ಸ್ಟೂಲಿನ ಮೇಲೆ ಕೂರಿಸಿ, ಮುಖ ಸುಡುವ ಎರಡು ದೀಪ ಹಚ್ಚಿ, ‘ಅಳ್ಳಾಡಬೇಡಿ ಹೆಗಡೇರೆ, ಬಂದೆ’ ಎಂದು ಮುಜೀಬ ಮುಂದಿನ ಕೌಂಟರಿಗೆ ಹೋಗಿದ್ದ. ಹೋದವನು ಈ ದಂಪತಿಯ ಕೈಗೆ ಸಿಕ್ಕಿಬಿದ್ದ. ಗಿರೀಶ ದಾಸನಕೊಪ್ಪದಲ್ಲಿ ಶುಂಠಿ, ಅನಾನಸ್ ವ್ಯಾಪಾರ ಮಾಡುವವನು ಎಂಬುದನ್ನೂ ಶಿವರಂಜನಿ ಅವನ ಹೆಂಡತಿ ಎಂಬುದನ್ನೂ ಯಾರೂ ನನಗೆ ಹೇಳಬೇಕಾಗಲಿಲ್ಲ. ಮೊದಲನೆಯದು ಹೊರಗೆ ನಿಂತ ಅವರ ಪಿಕಪ್ ಗಾಡಿಯ ಮೇಲೆ ಬರೆದಿತ್ತು, ಎರಡನೆಯದು ಗಿರೀಶನ ಮುಖದ ಮೇಲೆ.

ಕೌಂಟರಿನ ಮೇಲೆ ಒಂದು ದೊಡ್ಡ ಕ್ಯಾಮೆರಾ ಇತ್ತು. ಅದರ ಬೆಲ್ಟಿನ ಸಂದಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು ಸಿಕ್ಕಿಕೊಂಡಿದ್ದವು. ಆಗಲೇ ನಮಗೆಲ್ಲ ಅನುಮಾನ ಬರಬೇಕಿತ್ತು.

ಮುಜೀಬ್: ಮೊದ್ಲಿಂದ ಹೇಳಿ ಗಿರೀಶಣ್ಣ. ಕ್ಯಾಮೆರಾ ಎಂತ ಹೇಳ್ತದೆ?

ಗಿರೀಶ: ಕಾರ್ಡ್ ಓದಾಕ ಬರವಲ್ದು ಅಂತೈತಿ. ಆಮ್ಯಾಲ, ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳತೈತಿ.

ಮುಜೀಬ್: (ಎದೆ ಹಿಡಿದುಕೊಂಡು) ಅದಕ್ಕೆ ನೀವು?

ಗಿರೀಶ: ಬ್ಯಾಡ ಅಂದೆ. ಮತ್ತ ಕೇಳ್ತು. ಮತ್ತ ಬ್ಯಾಡ ಅಂದೆ.

ಶಿವರಂಜನಿ: ನಾ ಕೇಳಿದ್ದಕ್ಕೆಲ್ಲಾ ಬ್ಯಾಡ ಅಂದು ಅಂದು ರೂಢಿ ಆಗೇತ್ರಿ ಅವರಿಗೆ. ಇವತ್ತೊಂದ್ ದಿನ ಆ ರೂಢಿ ಉಪಯೋಗಕ್ಕ ಬಂತು ನೋಡ್ರಿ.

ಮುಜೀಬ್: ಬಚಾವ್. ಫಾರ್ಮ್ಯಾಟ್ ಅಂದ್ರೆ ಪೂರಾ ಒರೆಸಿ ಹಾಕೋದು. ಕ್ಯಾಮೆರಾ ಅಷ್ಟು ಮರ್ಯಾದೆಯಿಂದ ಕೇಳ್ತದಲ್ಲ ಅಂತ ಹೂಂ ಅನ್ನಬಾರ್ದು. ಕಾರ್ಡ್ ಕೆಟ್ಟ ಮೇಲೆ ಅದರಲ್ಲೇ ಮತ್ತೆ ಫೋಟೋ ಹೊಡೆದ್ರಾ?

ಗಿರೀಶ: ಇಲ್ರಿ.

ಮುಜೀಬ್: ಕಂಪ್ಯೂಟರಿಗೆ ಹಾಕಿ ಏನಾದ್ರೂ ಒತ್ತಿದ್ರಾ?

ಗಿರೀಶ: ನಮ್ಮನ್ಯಾಗ ಕಂಪ್ಯೂಟರ್ ಇಲ್ರಿ.

ಮುಜೀಬ್: ಮತ್ತೆ ತೆಗೆದ ಫೋಟೋ ಎಲ್ಲ ಎಲ್ಲಿ ಇಡ್ತೀರಿ?

ಗಿರೀಶ: ಕಾರ್ಡ್‌ನ್ಯಾಗ.

ಮುಜೀಬ್: ಕಾರ್ಡ್?

ಗಿರೀಶ: ಕ್ಯಾಮೆರಾದಾಗ.

ಮುಜೀಬ್: ಕ್ಯಾಮೆರಾ?

ಶಿವರಂಜನಿ: ಅಕ್ಕಿ ಡಬ್ಬ್ಯಾಗರಿ.

ಮುಜೀಬ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತ. ಅಂಗಡಿಕಾರರು ಗಿರಾಕಿಗಳ ಮುಂದೆ ಬಯ್ಯುವಂತಿಲ್ಲ. ಬೈಗಳನ್ನು ನುಂಗುವಾಗ ಹೀಗೆ ಕಣ್ಣು ಮುಚ್ಚಬೇಕಾಗುತ್ತದೆ.

ಗಿರೀಶ: ಮಳಿಗಾಲದ ಥಂಡಿಗೆ ಲೆನ್ಸಿಗೆ ಫಂಗಸ್ ಹಿಡಿತೈತಿ ಅಂತ ನೀವ ಹೇಳಿದ್ರಿ. ಅಕ್ಕಿ ಥಂಡಿ ಎಳಕೋತೈತಿ ಅಂತ ಮೊಬೈಲ್‌ನ್ಯಾಗ ಬಂದಿತ್ತು.

ಮುಜೀಬ್: ನಾನು ಹೇಳಿದ್ದು ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಪೊಟ್ಟಣದ ಕಾಳು ಬಣ್ಣ ಬದಲಿಸಿದ್ರೆ ಪೊಟ್ಟಣ ಬದಲಿಸೋದು. ಅಕ್ಕಿಯಲ್ಲಿಟ್ರೆ ಫಂಗಸ್ಸಿನ ಜತೆಗೆ ನುಸಿಯೂ ಬರ್ತದೆ ಮಾರಾಯ್ರೆ.

ಶಿವರಂಜನಿ: ಬಂದಾವ್ರಿ. ನುಸಿ ಕ್ಯಾಮೆರಾಕ್ಕ ಹೋದ್ವು, ಕ್ಯಾಮೆರಾದ ಬೆಲ್ಟಿನ ವಾಸನಿ ಅನ್ನಕ್ಕ ಬಂತು. ಇವರು ಅನ್ನ ಉಂಡು, ಹೊಸಾ ನಮೂನಿ ಬಾಸ್ಮತಿ ಏನು ಅಂತ ಕೇಳಿದ್ರು.

ಮುಜೀಬ್: ಹೋಗ್ಲಿ ಬಿಡಿ. ಕಾರ್ಡಲ್ಲಿ ಎಂತ ಇದೆ? ಹಕ್ಕಿ ಫೋಟೋನೇ ಅಲ್ವಾ? ಹಕ್ಕಿ ಮತ್ತೆ ಬಂದು ಕೂರ್ತದೆ, ತೆಗೆದ್ರಾಯ್ತು.

ಶಿವರಂಜನಿ: ನನ್ನ ತಂಗಿ ಕುಬಸ ಐತ್ರಿ ಅದರಾಗ!

ಮುಜೀಬನ ಮುಖದ ನಗು ಇಳಿಯಿತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಎತ್ತುವ ಆ ಕಾರ್ಯ ಒಬ್ಬಳಿಗೆ ಒಂದೇ ಸಲ. ಅದರ ಫೋಟೋ ಕಳೆದರೆ ಏನಾಗುತ್ತದೆ ಎಂದು ಫೋಟೋದವನಿಗೆ ಗೊತ್ತಿಲ್ಲದೆ ಇನ್ನು ಯಾರಿಗೆ ಗೊತ್ತಿರಬೇಕು?

ಮುಜೀಬ್: ಬೇರೆ ಯಾರೂ ತೆಗೆದಿಲ್ವಾ ಅಕ್ಕಾ?

ಶಿವರಂಜನಿ: ನಮ್ಮಣ್ಣ ಹಾನಗಲ್ಲದಾಗ ಫೋಟೋದವರನ್ನ ಹೇಳ್ತೀನಿ ಅಂದ. ನಾನ ಬ್ಯಾಡ ಅಂದೆ. ನಮ್ಮನಿಯವರದು ದೊಡ್ಡ ಕ್ಯಾಮೆರಾ ಐತಿ, ಅವರ ತಗೀತಾರ ಅಂತ ಎದಿ ತಟ್ಟಿ ಹೇಳಿದೆ. ಮೊಬೈಲ್ ಎತ್ತಿದವರಿಗೆಲ್ಲ, ಕೆಳಗ ಇಡ್ರಿ, ಅಡ್ಡ ಬರತೈತಿ ಅಂತ ಗದರಿಸಿದೆ. ಈಗ ತಂಗಿ ಹಡದಾಳ. ತೊಟ್ಟಿಲಕ್ಕ ಹಾಕೋ ದಿನ ಕುಬಸದ ಫೋಟೋ ದೊಡ್ಡದ್ ಮಾಡಿಸಿ ಗ್ವಾಡಿಗೆ ಹಾಕಬೇಕು ಅಂತ ಆಕಿ ಆಸಿ. ನಾಳೆ ಒಯ್ಯಾಕ ಬರ್ತಾನ ನಮ್ಮಣ್ಣ.

ಗಿರೀಶ: ಆಕಿನ್ನ ಮತ್ತೊಮ್ಮೆ ಹಸಿರು ಸೀರಿ ಉಡಿಸಿ ಕೂಡಿಸಿದ್ರ...

ಶಿವರಂಜನಿ: ಕೂಡಸ್ರಿ. ಹೊಟ್ಟಿಗೆ ನಿಮ್ಮ ಅಕ್ಕಿ ಡಬ್ಬಿ ಕಟ್ಟೋಣು.

ಜಗಳಕ್ಕೆಂದೇ ತಂದ ಗಂಟಲು ಅದು. ಆದರೂ ‘ಆಕಿ ಆಸಿ’ ಎನ್ನುವಾಗ ಅವಳು ಸೆರಗಿನಿಂದ ಕ್ಯಾಮೆರಾದ ಧೂಳು ಒರೆಸಿದ್ದಳು. ನನಗೆ ಕೆಡುಕೆನಿಸಿತು. ತವರಿನಲ್ಲಿ ಎಲ್ಲರ ಮುಂದೆ ಗಂಡನನ್ನು ಹೊಗಳಿ ಬಂದ ಹೆಂಗಸಿನ ಕಷ್ಟ ಸಣ್ಣದಲ್ಲ.

ಮುಜೀಬ್: ಅವತ್ತೇ ಹೇಳಿದ್ದೆ ಅಕ್ಕಾ. ಒಂದು ದೊಡ್ಡ ಕಾರ್ಡ್ ಬೇಡ, ಎರಡು ಸಣ್ಣದು ತಗೊಳ್ಳಿ, ಒಂದು ಕೈಕೊಟ್ರೆ ಇನ್ನೊಂದು ಇರ್ತದೆ ಅಂತ. ಕಾರ್ಯ ಮುಗಿದ ದಿನವೇ ಫೋಟೋ ಎಲ್ಲ ಎರಡು ಕಡೆ ಕಾಪಿ ಮಾಡಿಡಿ ಅಂತಾನೂ ಹೇಳಿದ್ದೆ.

ಶಿವರಂಜನಿ: ಹೇಳಿದ್ರಿ. ಒಂದ್ ಫೋಟೋ ಎರಡ್ ಕಡೆ ಯಾಕ ಇಡಬೇಕ್ರಿ? ಇವರಿಗೇನ್ ಎರಡು ಸಂಸಾರ ಅದಾವೇನು?

ಮುಜೀಬ ಕ್ಯಾಮೆರಾದ ಬದಿಯ ಬಾಗಿಲು ತೆರೆದು ಕಾರ್ಡು ಹೊರಗೆಳೆದ. ಅವನ ಬೆರಳ ತುದಿ ಬೆಳ್ಳಗಾಯಿತು. ಉಜ್ಜಿ ನೋಡಿದ, ಮೂಸಿ ನೋಡಿದ. ಆಮೇಲೆ ಕಾರ್ಡನ್ನು ಮಗುಚಿ, ಕನ್ನಡಕ ಏರಿಸಿ, ಬೆಳಕಿಗೆ ಹಿಡಿದ.

ಮುಜೀಬ್: ಇದೆಂತ ಇದು?

ಗಿರೀಶ: ಯಾವುದ್ರಿ?

ಮುಜೀಬ್: ಕಾರ್ಡಿನ ಹಿಂದೆ, ಈ ಬಂಗಾರದ ಬಣ್ಣದ ಪಟ್ಟಿಗಳ ಮೇಲೆ. ಬೆಳ್ಳಗೆ ಮೂರು ಗೆರೆ.

ಗಿರೀಶ: (ಫ್ಯಾನ್ ನೋಡುತ್ತ) ವಿಭೂತಿ.

ಮುಜೀಬ್: ಕಾರ್ಡಿಗೆ?

ಗಿರೀಶ: ಆಯುಧ ಪೂಜಿ ಇತ್ತಲ್ರಿ. ಟ್ರ್ಯಾಕ್ಟರಿಗೆ ಹಚ್ಚಿದ್ವಿ, ಪಿಕಪ್ಪಿಗೆ ಹಚ್ಚಿದ್ವಿ, ಶುಂಠಿ ತೂಗೋ ಕಾಟಾಕ್ಕ ಹಚ್ಚಿದ್ವಿ. ಕ್ಯಾಮೆರಾ ಅಷ್ಟ ಬಿಡಾಕ ಬರತೈತೇನ್ರಿ?

ಮುಜೀಬ್: ಹಚ್ಚಿ, ಬೇಡ ಅಂದವ್ರು ಯಾರು? ಪಕ್ಕದ ಗ್ಯಾರೇಜಿನವ್ರು ಪ್ರತಿ ವರ್ಷ ನನ್ನ ಜೆರಾಕ್ಸ್ ಮಷಿನ್ನಿಗೂ ಹೂ ಏರಿಸಿ ಹೋಗ್ತಾರೆ. ಮೇಲಿಂದ ಹಚ್ಚಬೇಕು ಮಾರಾಯ್ರೆ! ಒಳಗಿನ ಕಾರ್ಡ್ ಎಳೆದು ಹಚ್ಚೋ ಬುದ್ಧಿ ಯಾರು ಕೊಟ್ರು ನಿಮಗೆ?

ಗಿರೀಶ: ನೀವ.

ಮುಜೀಬ್: ನಾನಾ!

ಗಿರೀಶ: ಕ್ಯಾಮೆರಾ ಕೊಡೋ ದಿನ ಏನಂದ್ರಿ? ‘ಕ್ಯಾಮೆರಾ ಬರೀ ಡಬ್ಬಿ ಗಿರೀಶಣ್ಣ, ಜೀವ ಇರೋದು ಕಾರ್ಡಲ್ಲಿ’ ಅಂದ್ರಿ. ಅಂದಿದ್ರೋ ಇಲ್ಲೋ? ಪೂಜಿ ಜೀವಕ್ಕ ಮಾಡಬೇಕೋ, ಡಬ್ಬಿಗೆ ಮಾಡಬೇಕೋ?

ಮುಜೀಬ ಕನ್ನಡಕ ತೆಗೆದು ಒರೆಸಿಕೊಂಡ. ಅಂಗಡಿ ತೆರೆದಂದಿನಿಂದ ಅವನ ಸಲಹೆಯನ್ನು ಯಾರೂ ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದಿಲ್ಲ.

ಶಿವರಂಜನಿ: ಹಿಂದ ಯಾಕ ಹಚ್ಚಿದ್ರಿ? ಮುಂದ ಜಾಗ ಇರ್ಲಿಲ್ಲೇನು?

ಗಿರೀಶ: ಮುಂದ ಕಂಪನಿ ಹೆಸರು ಇತ್ತು. ಹಿಂದ ಬಂಗಾರದಂಗ ಹೊಳೀತಿತ್ತು. ಅದ ಮುಖ ಇರಬೇಕು ಅಂದ್ಕೊಂಡೆ.

ಮುಜೀಬ್: ಒಣ ವಿಭೂತಿಯಾ, ಒದ್ದೆ ಮಾಡಿದ್ದಾ?

ಗಿರೀಶ: ಒದ್ದಿ. ಒಣಾದು ನಿಲ್ಲಂಗಿಲ್ಲ.

ಮುಜೀಬ್: ಆಮೇಲೆ?

ಗಿರೀಶ: ಕುಂಕುಮ. ಒಂದ ಬೊಟ್ಟು.

ಮುಜೀಬ್: ಕ್ಯಾಮೆರಾಕ್ಕೆ?

ಗಿರೀಶ: ಅದಕ್ಕೇನೂ ಮಾಡಿಲ್ರಿ. ಲೆನ್ಸ್ ಬಿಚ್ಚಿ, ಒಳಗ ಒಂದೀಟ ಊದಿನಕಡ್ಡಿ ಹೊಗಿ ತೋರಿಸಿದೆ.

ಮುಜೀಬ್: (ಕುರ್ಚಿಯಲ್ಲಿ ಕುಸಿದು) ಅದರೊಳಗೆ ಚಿತ್ರ ಹಿಡಿಯೋ ಸೆನ್ಸರ್ ಇರ್ತದೆ! ಗಾಳಿ ಜೋರಾಗಿದ್ದಲ್ಲಿ ಲೆನ್ಸ್ ಬಿಚ್ಚಬೇಡಿ, ಧೂಳು ಕೂರ್ತದೆ ಅಂತ ನಾವು ಬಾಯಿ ಬಡ್ಕೊಳ್ತೇವೆ. ನೀವು ಅದಕ್ಕೆ ಹೊಗೆ ಕುಡಿಸಿದ್ರಾ?

ಶಿವರಂಜನಿ: ತೆಂಗಿನಕಾಯಿ ಪಿಕಪ್ಪಿನ ಮುಂದ ಒಡದ್ರು ಅಂತ ಸಮಾಧಾನ ಮಾಡ್ಕೋರಿ ಅಣ್ಣಾರ. ಇದರ ಮ್ಯಾಲ ಒಡೀಲಿಲ್ಲಲ್ಲ.

ಗಿರೀಶ: (ನನ್ನ ಕಡೆ ತಿರುಗಿ) ನೀವ ಹೇಳ್ರಿ ವಕೀಲ್ರ. ಭಕ್ತಿ ಮಾಡಿದ್ದು ತಪ್ಪೇನ್ರಿ?

ನ್ಯಾಯವಾಗಿ ಹೇಳಿದರೆ ನನಗೆ ಅವನ ವಾದ ಹಿಡಿಸಿತ್ತು. ಆದರೆ ಅವನ ಹೆಂಡತಿಯೂ ನನ್ನನ್ನೇ ನೋಡುತ್ತಿದ್ದಳು.

ನಾನು: ನಾನು ವಕೀಲ ಅಲ್ಲ.

ಶಿವರಂಜನಿ: ನೋಡ್ರಿ! ನಿಮ್ಮ ಕೇಸು ಅಂದ ಕೂಡ್ಲೆ ಅವರು ವಕೀಲಿಕಿನ ಬಿಟ್ರು.

ಮುಜೀಬ ಮೆತ್ತನೆಯ ಬಟ್ಟೆ, ಸ್ಪಿರಿಟ್ಟಿನ ಸೀಸೆ, ಒಂದು ರಬ್ಬರು ತೆಗೆದುಕೊಂಡು ಕೂತ. ಮೊದಲು ಒಣ ಬಟ್ಟೆಯಿಂದ ಮೇಲಿನ ಪುಡಿ ಉದುರಿಸಿದ. ಆಮೇಲೆ ಬಟ್ಟೆಯ ತುದಿಗೆ ಸ್ಪಿರಿಟ್ ಸೋಕಿಸಿ ಒಂದೊಂದೇ ಪಟ್ಟಿಯನ್ನು ಒರೆಸತೊಡಗಿದ. ನನ್ನ ದೀಪಗಳು ಉರಿಯುತ್ತಲೇ ಇದ್ದವು. ನನ್ನನ್ನು ಅವನು ಮರೆತೇಬಿಟ್ಟಿದ್ದ, ನಾನೂ ನೆನಪಿಸಲಿಲ್ಲ. ಹೊರಗೆ ಹೋದರೆ ಇಷ್ಟು ಒಳ್ಳೆಯ ಜಗಳ ಎಲ್ಲಿ ಸಿಗುತ್ತದೆ?

ಮುಜೀಬ್: ಕಾರ್ಡ್ ಸತ್ತಿಲ್ಲ ಅನ್ಸ್ತದೆ. ಪದರ ಕೂತು ಸಂಪರ್ಕ ತಪ್ಪಿದೆ. ಆದ್ರೆ ನಾನು ಭಾಷೆ ಕೊಡೋದಿಲ್ಲ ಅಕ್ಕಾ. ಒಳಗೆ ನೀರು ಇಳಿದಿದ್ರೆ ಆಮೇಲೆ ಪ್ರಾರ್ಥನೆ ಮಾಡೋದೇ.

ಶಿವರಂಜನಿ: ಪ್ರಾರ್ಥನಿ ಮಾಡೇ ಹಿಂಗಾಗೇತಿ. ಸಾಕು, ನೀವು ಒರಸ್ರಿ.

ಗಿರೀಶ: ನನಗೂ ಕೆಟ್ಟ ಅನಸತೈತಿ ರಂಜಿ.

ಶಿವರಂಜನಿ: ನಿಮಗ? ಈ ಕ್ಯಾಮೆರಾ ಬಂದಾಗಿಂದ ನೋಡಾಕತ್ತೀನಿ. ಮಿಂಚುಳ್ಳಿ ಫೋಟೋ, ಮಂಗಟ್ಟಿ ಫೋಟೋ, ಬನವಾಸಿ ಹೊಳಿ ದಂಡಿ ಕೊಕ್ಕರಿ ಫೋಟೋ. ಎಮ್ಮಿದೂ ಐತಿ. ನನ್ನದು ಒಂದ ಒಂದು ಫೋಟೋ ತೋರಸ್ರಿ ನೋಡೋಣು.

ಗಿರೀಶ: ನೀ ದಿನಾ ಕಾಣ್ತೀಯಲ್ಲ.

ಶಿವರಂಜನಿ: ಎಮ್ಮಿ ದಿನಾ ಕಾಣಂಗಿಲ್ಲೇನು?

ಗಿರೀಶ: ಎಮ್ಮಿ ತೋರಸ್ರಿ ಅಂತ ಕೇಳಂಗಿಲ್ಲ.

ಮುಜೀಬ ಕಾರ್ಡನ್ನು ರೀಡರಿಗೆ ತುರುಕಿ ಕಂಪ್ಯೂಟರಿಗೆ ಜೋಡಿಸಿದ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಜಗಳ ನಿಂತಿತು. ಶಿವರಂಜನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಗಿರೀಶ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದ. ಯಾವ ದೇವರನ್ನು ಕರೆಯುತ್ತಿದ್ದನೋ, ಆ ದೇವರ ಪೂಜೆಯಿಂದಲೇ ಇಷ್ಟೆಲ್ಲ ಆದದ್ದು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮುಜೀಬ್: ಬಂತು! ಬಂತು ಅಕ್ಕಾ! ಏ ಗಿರೀಶಣ್ಣ, ಮುಟ್ಟಬೇಡಿ. ದೀಪ ಮಿಣುಕ್ತಾ ಇರೋವಾಗ ಕಾರ್ಡ್ ಎಳೀಬಾರ್ದು.

ಶಿವರಂಜನಿ: ನಿಮ್ಮ ಹೊಟ್ಟಿ ತಣ್ಣಗಿರಲಿ ಅಣ್ಣಾರ!

ಅವಳು ಎರಡೂ ಕೈಯನ್ನು ಕಂಪ್ಯೂಟರಿಗೆ ನಿವಾಳಿಸಿ, ಕೆನ್ನೆಗೊತ್ತಿ, ನೆಟಿಕೆ ಮುರಿದಳು. ಮುಜೀಬ ಮೊದಲ ಫೋಟೋ ದೊಡ್ಡದು ಮಾಡಿದ. ನಡುವೆ ಹಸಿರು ಸೀರೆ, ತಲೆಗೆ ಮಲ್ಲಿಗೆ ಮೊಗ್ಗಿನ ದಂಡೆ, ಉಬ್ಬಿದ ಹೊಟ್ಟೆ. ಮುಖ ಮಾತ್ರ ಮಂಜು.

ಮುಜೀಬ್: ಇದು ಸ್ವಲ್ಪ ಮಸುಕು. ಮುಂದಿನದು ನೋಡೋಣ.

ಶಿವರಂಜನಿ: ತಡೀರಿ. ಹಿಂದ ಬಳಿ ಹಿಡಕೊಂಡು ನಿಂತಾಕಿ ನಾನಲ್ಲ? ಎಷ್ಟ್ ನಿಚ್ಚಳ ಬಂದೇನಿ! ಮೂಗುಬಟ್ಟಿನ ಹರಳ ಸೈತ ಕಾಣ್ತಾವ.

ಮುಂದಿನದರಲ್ಲಿ ಉಡಿ ತುಂಬುತ್ತಿದ್ದರು. ತಂಗಿ ಮಸುಕು, ಬದಿಯಲ್ಲಿ ತಟ್ಟೆ ಹಿಡಿದ ಅಕ್ಕ ನಿಚ್ಚಳ. ಅದರ ಮುಂದಿನದರಲ್ಲಿ ಬಳೆ ತೊಡಿಸುತ್ತಿದ್ದರು. ತಂಗಿ ಮಸುಕು, ಮೂಲೆಯಲ್ಲಿ ಯಾರನ್ನೋ ‘ಮೊಬೈಲ್ ಇಳಸ್ರಿ’ ಎಂದು ಗದರುತ್ತಿದ್ದ ಅಕ್ಕ ನಿಚ್ಚಳ. ಮುಜೀಬ ಒತ್ತುತ್ತ ಹೋದ. ಅಕ್ಕ, ಅಕ್ಕ, ಅಕ್ಕ.

ಮುಜೀಬ್: ಗಿರೀಶಣ್ಣ, ನೀವು ಯಾರ ಫೋಟೋ ತೆಗೀತಾ ಇದ್ರಿ?

ಗಿರೀಶ: ನಾದಿನೀದರಿ! ನಟ್ಟನಡುವ ಇಟ್ಟೀನಿ ನೋಡ್ರಿ.

ಮುಜೀಬ್: ಇಟ್ಟಿದ್ದೀರಿ. ಇದ್ದಾಳೆ ಅಂತ ನಂಬ್ಕೋಬೇಕು, ಅಷ್ಟೇ.

ಅವನು ಕ್ಯಾಮೆರಾ ಎತ್ತಿಕೊಂಡು ಏನೇನೋ ಒತ್ತಿದ. ಒತ್ತುತ್ತ ಒತ್ತುತ್ತ ಅವನಿಗೆ ನಗು ಬಂತು.

ಮುಜೀಬ್: ಇದಕ್ಕೆ ಮುಖ ನೆನಪಿಟ್ಕೊಳ್ಳೋ ಸೌಲಭ್ಯ ಇದೆ. ಒಂದು ಮುಖ ತೋರಿಸಿ ಸೇವ್ ಮಾಡಿಟ್ರೆ, ಎಷ್ಟೇ ಜನ ಇರ್ಲಿ, ಅದೇ ಮುಖ ಹುಡುಕಿ ಫೋಕಸ್ ಮಾಡ್ತದೆ. ಬೇರೆಯವ್ರ ಕಾರ್ಯ ತೆಗೆಯೋಕೆ ಮುಂಚೆ ಅದನ್ನ ಬಂದ್ ಮಾಡ್ಬೇಕು. ಇದರಲ್ಲಿ ಇರೋದು ಒಂದೇ ಮುಖ. ನೋಡಿ ಅಕ್ಕಾ.

ಶಿವರಂಜನಿ ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು.

ಶಿವರಂಜನಿ: ಇದು ನಮ್ಮ ಹಿತ್ತಲ. ನನ್ನ ಹಳೇ ಸೀರಿ. ಯಾವಾಗ ತಗದ್ರಿ?

ಗಿರೀಶ: ಕ್ಯಾಮೆರಾ ತಂದ ದಿನ.

ಶಿವರಂಜನಿ: ಮೊದಲ್ನೇ ದಿನಾನ? ಎಲ್ಲಾಕ್ಕಿಂತ ಮೊದಲ ನನ್ನ ಮುಖ ಹಾಕಿದ್ರೇನು?

ಎಂಥ ದನಿ ಅದು! ಇಷ್ಟು ಹೊತ್ತು ಅಂಗಡಿಯ ಗಾಜು ನಡುಗಿಸಿದ್ದು ಇದೇ ಹೆಂಗಸೇ ಎಂದು ಅನುಮಾನ ಬರುವಷ್ಟು ಮೆತ್ತಗಿತ್ತು. ಗಿರೀಶ ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನ ಆಯುಧ ಪೂಜೆಯವರೆಗೆ ಅವನ ಮನೆ ತಣ್ಣಗಿರುತ್ತಿತ್ತು. ಮುಚ್ಚಿಕೊಳ್ಳಲಿಲ್ಲ.

ಗಿರೀಶ: ಮೊದಲ ಎಮ್ಮಿದು ಹಾಕಾಕ ನೋಡ್ದೆ. ಅದು ನಿಂದರವಲ್ದು. ಮತ್ತ ಎಮ್ಮಿ ಮುಖಾನ ಮುಖ ಅಂತ ಇದು ಒಪ್ಪಲಿಲ್ಲ. ನೀ ಅಕ್ಕಿ ಆರಿಸ್ಕೋತ ಸುಮ್ಮ ಕುಂತಿದ್ದಿ, ಪಟ್ ಅಂತ ಹಿಡೀತು.

ಶಿವರಂಜನಿ: (ನಗು ತಡೆಯುತ್ತ) ಆಗಲಿ. ನಿಮಗ ಕಾಣದಿದ್ರೂ ನಿಮ್ಮ ಕ್ಯಾಮೆರಾಕ್ಕಾರ ಕಂಡೆನಲ್ಲ.

ಮುಜೀಬ್: ಅಕ್ಕಾ, ಇಲ್ಲಿ ನೋಡಿ. ಇದೊಂದು ಬಾಳ ಚೆನ್ನಾಗಿ ಬಂದಿದೆ.

ತಂಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ದಂಡೆಯ ಭಾರಕ್ಕೆ ತಲೆ ತುಸು ವಾಲಿಸಿ, ಬಾಯಿ ತುಂಬ ನಗುತ್ತಿದ್ದಳು. ಒಂದೊಂದು ಮೊಗ್ಗೂ ನಿಚ್ಚಳವಾಗಿತ್ತು.

ಶಿವರಂಜನಿ: ಅಯ್ಯ ನನ್ನವ್ವಾ, ಎಷ್ಟ್ ಚಂದ ಕಾಣ್ತೀ! ಇದರಾಗ ನಾ ಎಲ್ಲಿ?

ಗಿರೀಶ: ನೀ ಆರತಿ ತಟ್ಟಿ ತರಾಕ ಒಳಗ ಹೋಗಿದ್ದಿ.

ಅಷ್ಟರಲ್ಲಿ ಅವಳ ಮೊಬೈಲ್ ಬಡಿದುಕೊಂಡಿತು. ಹಾನಗಲ್ಲಿನ ಅಣ್ಣ.

ಶಿವರಂಜನಿ: (ಮೊಬೈಲಿಗೆ) ಹೂನಣ್ಣ, ಶಿರಸ್ಯಾಗ ಅದೇವಿ. ಒಂದ ಫೋಟೋ ಉಳದೈತಿ, ದೊಡ್ಡದ್ ಮಾಡಸಾಕತ್ತೇನಿ. ಉಳಿದವು... ಕಾರ್ಡ್ ಕೆಟ್ಟೈತಣ್ಣ. ಏನು? ನೀನ ಬಂದು ಕಾರ್ಡ್ ನೋಡ್ತಿ? ನೋಡು, ಅದಕ್ಕೇನು.

ಮುಜೀಬನೂ ಗಿರೀಶನೂ ಮುಖ ಮುಖ ನೋಡಿಕೊಂಡರು. ಪರದೆಯ ಮೇಲೆ ಕೆಡದ ಕಾರ್ಡಿನ ಫೋಟೋಗಳೆಲ್ಲ ಸಾಲಾಗಿ ಕೂತಿದ್ದವು.

ಗಿರೀಶ: ಎಲ್ಲಾ ಬಂದಾವಲ್ಲ, ಸುಳ್ಳ ಯಾಕ ಹೇಳಿದಿ?

ಶಿವರಂಜನಿ: ಇವನ್ನ ತೋರಿಸಿದ್ರ ನನ್ನ ತಂಗಿ ಏನಂತಾಳ? ನನ್ನ ಕುಬಸದಾಗ ಅಕ್ಕ ತನ್ನ ಫೋಟೋ ತಗಸ್ಕೊಂಡ್ಲು ಅಂತಾಳ. ಎಲ್ಲಾರ ಮೊಬೈಲ್ ಕೆಳಗ ಇಡಿಸಿದ್ದು ಇದಕ್ಕ ಅಂತಾಳ. ಸಾಯೋತನಕ ಅಂತಾಳ. ಅಣ್ಣಾರ, ಆಕಿದೊಂದು ದೊಡ್ಡದ್ ಮಾಡಿ ಕಟ್ಟು ಹಾಕಿ ಕೊಡ್ರಿ. ನನ್ನವು ಕಾಪಿ ಮಾಡ್ರಿ. ಆಮ್ಯಾಲ ಕಾರ್ಡ್ ಕ್ಯಾಮೆರಾಕ್ಕ ಹಾಕಿ ಇವರ ಕೈಗೆ ಕೊಡ್ರಿ. ಅದೇನೋ ಕೇಳತಿತ್ತಲ್ಲ, ಫಾರ್ಮ್ಯಾಟ್, ಈಗ ಅದಕ್ಕ ಹೂಂ ಅನ್ರಿ ಅಂತ ಹೇಳ್ರಿ.

ಮುಜೀಬ್: ಕಾರ್ಡ್ ಹೊಸದರ ಹಾಗೆ ಥಳಥಳ ಅಂತದೆ ಅಕ್ಕಾ. ಕೆಟ್ಟಿದೆ ಅಂದ್ರೆ ನಿಮ್ಮಣ್ಣ ನಂಬ್ತಾರಾ?

ಶಿವರಂಜನಿ ಚೀಲಕ್ಕೆ ಕೈ ಹಾಕಿ, ನಿತ್ಯ ಹಚ್ಚಿಕೊಳ್ಳುವ ವಿಭೂತಿ ಗಟ್ಟಿ ತೆಗೆದು ಕೌಂಟರಿನ ಮೇಲಿಟ್ಟಳು.

ಶಿವರಂಜನಿ: ಹೆಂಗಿತ್ತೋ ಹಂಗ ಹಚ್ರಿ.

ಗಿರೀಶ: ನಿಮ್ಮ ತವರಿನ ಮಂದಿ ನನಗ ಹುಚ್ಚ ಅಂತಾರ!

ಶಿವರಂಜನಿ: ಹಚ್ಚಿದ್ದು ಖರೇನ ಅಲ್ಲೇನು? ಖರೆ ಹೇಳಾಕ ಯಾಕ ಅಂಜತೀರಿ?

ಮುಜೀಬ ಬಾಟಲಿ ಮುಚ್ಚಳದಲ್ಲಿ ನೀರು ಕೊಟ್ಟ. ಸ್ವಲ್ಪ ಹೊತ್ತಿಗೆ ಗಿರೀಶ ಎಡಗೈಯಲ್ಲಿ ಕ್ಯಾಮೆರಾ ಹಿಡಿದು, ಬಲಗೈಯ ಮೂರು ಬೆರಳಿಗೆ ಒದ್ದೆ ವಿಭೂತಿ ಹಚ್ಚಿಕೊಂಡು ಸಿದ್ಧನಾಗಿ ನಿಂತ. ಮುಜೀಬ ಮೆನುವಿನಲ್ಲಿ ಫಾರ್ಮ್ಯಾಟ್ ತೆರೆದುಕೊಟ್ಟ. ಕ್ಯಾಮೆರಾ ಮತ್ತೆ ಮರ್ಯಾದೆಯಿಂದ ಅದೇ ಪ್ರಶ್ನೆ ಕೇಳಿತು. ಗಿರೀಶನ ಹೆಬ್ಬೆರಳು ಗುಂಡಿಯ ಮೇಲೆ ಬಂತು. ಹೆಂಡತಿ ಗಬಕ್ಕನೆ ಅವನ ಕೈ ಹಿಡಿದಳು.

ಶಿವರಂಜನಿ: ತಡೀರಿ! ಅಣ್ಣಾರ, ನನ್ನ ಫೋಟೋ ಕಾಪಿ ಆದ್ವೇನ್ರಿ?

ಮುಜೀಬ್: ಆಗಿದೆ ಅಕ್ಕಾ. ಪೆನ್‌ಡ್ರೈವಿಗೆ ಹಾಕಿದ್ದೇನೆ.

ಶಿವರಂಜನಿ: ಬರೇ ಒಂದ ಕಡೆ? ಎಂಥಾ ಫೋಟೋದವರ‍್ರಿ ನೀವು! ಎರಡ್ ಕಡೆ ಹಾಕ್ರಿ.